ಮಾ ಇನ್ ಕಾತಿ: 1562ರಲ್ಲಿ ಮನೀ ಊರಿನಲ್ಲಿ ನಡೆದದ್ದು

1562ರ ಮೇ ತಿಂಗಳು. ಈಗಿನ ಮೆಕ್ಸಿಕೊದ ಯುಕಟಾನ್ ಸೀಮೆಯಲ್ಲಿ ಮನೀ ಅನ್ನುವ ಊರು. ಊರಿನ ಹತ್ತಿರ, ಆ ನೆಲದ ಮೂಲ ಜನರಾದ ಮಾಯಾ ಜನಾಂಗದ ಇಬ್ಬರು ಹುಡುಗರಿಗೆ ಒಂದು ಗವಿ ಕಂಡಿತು. ಒಳಗೆ ಇಣುಕಿದರೆ ವಿಗ್ರಹಗಳು, ಜೊತೆಗೆ ಮನುಷ್ಯರ ತಲೆಬುರುಡೆಗಳು. ಹುಡುಗರು ಹೋಗಿ ಊರಿನಲ್ಲಿದ್ದ, ಫ್ರಾನ್ಸಿಸ್ಕನ್ ಅನ್ನುವ ಕ್ರೈಸ್ತ ಪಂಗಡದ ಮಠದ ಪಾದ್ರಿಗೆ ಹೇಳಿದರು.

ಶುರುವಾಗಿದ್ದು ಅಲ್ಲಿಂದ. ಮುಂದಿನ ಮೂರು ತಿಂಗಳಲ್ಲಿ 4,500ಕ್ಕೂ ಹೆಚ್ಚು ಮಾಯಾ ಜನರಿಗೆ ಚಿತ್ರಹಿಂಸೆ ಕೊಟ್ಟರು. 158 ಜನ ವಿಚಾರಣೆಯ ವೇಳೆಯಲ್ಲೋ ಅದರ ಪೆಟ್ಟಿನಿಂದಲೋ ಸತ್ತರು. ಕನಿಷ್ಠ 13 ಜನ ಪಾದ್ರಿಗಳ ಕೈಗೆ ಸಿಗುವ ಬದಲು ತಾವೇ ಜೀವ ಕಳೆದುಕೊಂಡರು. ಇನ್ನೂ 18 ಜನ ಎಲ್ಲಿಗೆ ಹೋದರೋ ಪತ್ತೆಯೇ ಆಗಲಿಲ್ಲ, ಅವರೂ ಹಾಗೇ ಮಾಡಿಕೊಂಡಿರಬೇಕು ಅಂತ ಊರವರು ಅಂದುಕೊಂಡರು. ಇದು ಯಾರೋ ಕೋಪದಲ್ಲಿ ಉಬ್ಬಿಸಿ ಹೇಳಿದ ಲೆಕ್ಕ ಅಲ್ಲ, 1565ರಲ್ಲಿ ಸ್ಪೇನಿನ ಅಧಿಕಾರಿಗಳೇ ನಡೆಸಿದ ತನಿಖೆಯಲ್ಲಿ ಬಂದ ಲೆಕ್ಕ.

ಮಾಯಾ ನಾಡಿನ ಮೇಲೆ ಸ್ಪೇನ್ ನಡೆಸಿದ ಆಕ್ರಮಣದ ಮಾತು ಬಂದಾಗ ಮನೀ ಹೆಸರು ಬಂದೇ ಬರುತ್ತದೆ. ಆದರೆ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: ‘ದಿಯೇಗೊ ದ ಲಾಂಡಾ ಅನ್ನುವ ಪಾದ್ರಿ ಅಲ್ಲಿ ಮಾಯಾ ಪುಸ್ತಕಗಳನ್ನು ಸುಟ್ಟ.’ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ಪುಸ್ತಕ ನೆನಪಿರುತ್ತದೆ, ಅದನ್ನು ಬರೆದವರು, ಬಚ್ಚಿಟ್ಟವರು, ತೋಳು ಕೀಲು ತಪ್ಪಿಸಿಕೊಂಡವರು ನೆನಪಿರುವುದಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಹಿಡಿದು, ಮೊದಲಿಂದ ಕೊನೆಯವರೆಗೆ, ಮಾಯಾ ಜನ ಎಲ್ಲಿ ಮಾತಾಡಿದ್ದಾರೋ ಅಲ್ಲಿ ನಿಂತು ಕೇಳಿಸಿಕೊಂಡು ಬರೆಯುತ್ತಿದ್ದೇನೆ.

ಮನೀ ಎಂಥ ಊರು

ಮೆರಿದಾ ನಗರದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್. ಸುಣ್ಣಕಲ್ಲಿನ ನೆಲ. ಮೇಲೆ ಹರಿಯುವ ಹೊಳೆ ಇಲ್ಲ, ನೀರೆಲ್ಲ ನೆಲದೊಳಗೆ. ಗವಿ, ಕುಸಿದ ಬಾವಿಯಂಥ ಹೊಂಡ, ಅದರ ತಳದಲ್ಲಿ ತಣ್ಣಗಿನ ನೀರು. ಮೆಕ್ಕೆಜೋಳಕ್ಕೆ ಮಳೆಯೇ ಗತಿ. ಇಂಥ ಕಡೆ ಮಳೆದೇವರು ಚಾಕ್ ಗವಿಯಲ್ಲಿ ಇರುತ್ತಾನೆ ಅಂತ ಜನ ನಂಬಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಇದು ಶಿಯು ಮನೆತನದ ಊರು. ಸ್ಪೇನಿನ ಮೊಂತೆಹೊ ಅನ್ನುವವನು 1527ರಲ್ಲಿ ಯುಕಟಾನ್ ಗೆಲ್ಲಲು ಬಂದ. ಆಗಲಿಲ್ಲ. ಮತ್ತೆ ಬಂದ, ಆಗಲೂ ಆಗಲಿಲ್ಲ. ಮೂರನೇ ಸಲ ಅವನ ಮಗ ಬಂದು 1542ರ ಜನವರಿಯಲ್ಲಿ ಹಳೆಯ ಮಾಯಾ ಊರೊಂದರ ಮೇಲೆ ಮೆರಿದಾ ಕಟ್ಟಿದ. ಅವನ ಕೈ ಮೇಲಾಗಲು ಮುಖ್ಯ ಕಾರಣ ಶಿಯು ಮನೆತನ. ಅವರು ಬಂದು ಸ್ನೇಹ ಮಾಡಿಕೊಂಡರು.

ಯಾಕೆ ಮಾಡಿಕೊಂಡರು? ಶಿಯುಗಳಿಗೂ ಸೊತೂತಾ ಸೀಮೆಯ ಕೊಕೊಮ್ ಮನೆತನಕ್ಕೂ ತಲೆಮಾರುಗಳ ಹಗೆ ಇತ್ತು. 1536ರಲ್ಲಿ, ಬರಗಾಲದ ಹೊತ್ತಿನಲ್ಲಿ, ಚಿಚೆನ್ ಇತ್ಸಾದ ಪವಿತ್ರ ಹೊಂಡಕ್ಕೆ ಪೂಜೆಗೆ ಹೊರಟಿದ್ದ ಶಿಯು ಹಿರಿಯರನ್ನು ಕೊಕೊಮ್‌ಗಳು ಒತ್ಸ್ಮಲ್ ಅನ್ನುವ ಕಡೆ ಅತಿಥಿಗಳಾಗಿ ಕರೆದು ಕೊಂದಿದ್ದರು. ಆ ಗಾಯ ಹಸಿಯಾಗಿತ್ತು. ಹೊರಗಿಂದ ಬಂದ ಬಂದೂಕಿನವರು ತಮ್ಮ ಕಡೆ ಇರಲಿ ಅಂತ ಅವರಿಗೆ ಅನಿಸಿತು. ಇದನ್ನು ಇವತ್ತು ಕೂತು ‘ದ್ರೋಹ’ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಆಗ ‘ಮಾಯಾ’ ಅಂತ ಒಂದು ದೇಶ ಇರಲಿಲ್ಲ, ಒಂದು ರಾಜ ಇರಲಿಲ್ಲ. ಹತ್ತಾರು ಸೀಮೆ, ಹತ್ತಾರು ಮನೆತನ, ಅವರವರ ಲೆಕ್ಕ ಅವರವರಿಗೆ. ಸ್ಪೇನಿನವರು ಗೆದ್ದದ್ದೂ ಹೀಗೇ, ಸೋತದ್ದೂ ಹೀಗೇ. ಒಬ್ಬ ದೊರೆಯನ್ನು ಹಿಡಿದರೆ ನಾಡು ಕೈಗೆ ಬರುವ ಹಾಗಿರಲಿಲ್ಲ. 1546ರ ಕೊನೆಯಲ್ಲಿ ಪೂರ್ವದ ಸೀಮೆಗಳೆಲ್ಲ ಸೇರಿ ದಂಗೆ ಎದ್ದವು. ದಕ್ಷಿಣದ ಕಾಡಿನಲ್ಲಿ ಇತ್ಸಾ ಮಾಯಾ ಜನರ ನೊಹ್ಪೆತೆನ್ ದ್ವೀಪನಗರ ಬಿದ್ದದ್ದು 1697ರ ಮಾರ್ಚ್‌ನಲ್ಲಿ. ಮೊಂತೆಹೊ ಮೊದಲ ಸಲ ಬಂದ ಮೇಲೆ 170 ವರ್ಷ!

ಮನೀ ಮಾತ್ರ ಮೊದಲೇ ಒಪ್ಪಿಕೊಂಡ ಊರು. ಅಲ್ಲಿನ ದೊರೆ ಜ್ಞಾನಸ್ನಾನ ಮಾಡಿಸಿಕೊಂಡು, ಗೆದ್ದವನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ: ಫ್ರಾನ್ಸಿಸ್ಕೊ ದ ಮೊಂತೆಹೊ ಶಿಯು. ಊರ ನಡುವೆ 1549ರಲ್ಲಿ ಮಠ ಎದ್ದಿತು, ಕಲ್ಲು ಹೊತ್ತವರು ಅದೇ ಊರಿನವರು. ಹತ್ತಿ ಬಟ್ಟೆ, ಜೋಳ, ಜೇನು, ಮೇಣ, ಕೋಳಿ ಎಲ್ಲ ಕಂದಾಯ ಅಂತ ಹೋಗುತ್ತಿತ್ತು. ಚದುರಿದ್ದ ಹಳ್ಳಿಗಳನ್ನು ಕಿತ್ತು, ಜನರನ್ನು ತಂದು ನೇರ ಬೀದಿಗಳ ಹೊಸ ಊರುಗಳಲ್ಲಿ ಕೂರಿಸಿದರು. ಇಷ್ಟೆಲ್ಲ ಸಹಿಸಿದ ಊರಿನಲ್ಲೇ ಮುಂದಿನದು ನಡೆಯಿತು.

ಲಾಂಡಾ

ದಿಯೇಗೊ ದ ಲಾಂಡಾ 1524ರಲ್ಲಿ ಸ್ಪೇನಿನ ಸಿಫುಯೆಂತೆಸ್‌ನಲ್ಲಿ ಹುಟ್ಟಿದವನು. 1549ರಲ್ಲಿ ಯುಕಟಾನ್‌ಗೆ ಬಂದ. ಮಾಯಾ ಭಾಷೆ ಚೆನ್ನಾಗಿ ಕಲಿತ. ಹಳ್ಳಿ ಹಳ್ಳಿ ನಡೆದ. ಜನ ಹೇಗೆ ಮನೆ ಕಟ್ಟುತ್ತಾರೆ, ಯಾವ ಜೇನು ಸಾಕುತ್ತಾರೆ, ಹೆಂಗಸರು ಹೇಗೆ ತಲೆ ಬಾಚುತ್ತಾರೆ ಅನ್ನುವುದನ್ನೆಲ್ಲ ಕಣ್ಣಿಟ್ಟು ನೋಡಿದ. ಇಸಮಾಲ್‌ನಲ್ಲಿ ಹಳೆಯ ಪಿರಮಿಡ್ಡಿನ ಜಗಲಿಯ ಮೇಲೇ, ಅದರ ಕಲ್ಲಿನಿಂದಲೇ, ದೊಡ್ಡ ಮಠ ಕಟ್ಟಿಸಿದ.

ಜನರನ್ನು ಜಮೀನ್ದಾರರಂತೆ ಹಿಂಡುತ್ತಿದ್ದ ಸ್ಪೇನಿನ ಒಡೆಯರ ವಿರುದ್ಧ ಈ ಪಾದ್ರಿಗಳು ಮಾತಾಡುತ್ತಿದ್ದರು. ಅದೂ ನಿಜ. ಒಂದು ಊರಿನ ಹತ್ತಿರ ಮರವೊಂದನ್ನು ಲಾಂಡಾ ಕಣ್ಣಾರೆ ನೋಡಿದ್ದ. ಆ ಮರದ ಕೊಂಬೆಗಳಿಗೆ ಒಬ್ಬ ಸ್ಪೇನ್ ಸೇನಾನಿ ಮಾಯಾ ಹೆಂಗಸರನ್ನು ನೇಣು ಹಾಕಿ, ಅವರ ಕಾಲಿಗೆ ಅವರ ಕೂಸುಗಳನ್ನು ತೂಗುಹಾಕಿದ್ದ. ಇದನ್ನು ಲಾಂಡಾ ತಾನೇ ಬರೆದಿಟ್ಟಿದ್ದಾನೆ. ಓದುವಾಗ ಕರುಳು ಕಿತ್ತು ಬರುತ್ತದೆ. ಅಂಥದ್ದನ್ನು ನೋಡಿ ನೊಂದವನೇ ಆಮೇಲೆ ಜನರನ್ನು ಹಗ್ಗಕ್ಕೆ ತೂಗುಹಾಕಿಸಿದ ಅನ್ನುವುದನ್ನು ನಾನು ಎಷ್ಟು ಸಲ ಯೋಚಿಸಿದರೂ ಒಳಗೆ ಇಳಿಯುವುದಿಲ್ಲ.

ಪಾದ್ರಿಗಳು ಶಾಲೆ ನಡೆಸುತ್ತಿದ್ದರು. ದೊರೆಗಳ, ಹಿರಿಯರ ಮಕ್ಕಳನ್ನು ಕರೆತಂದು ಮಠದ ಪಕ್ಕದಲ್ಲೇ ಇಟ್ಟುಕೊಂಡು ಲ್ಯಾಟಿನ್ ಅಕ್ಷರ ಕಲಿಸುತ್ತಿದ್ದರು. ಆ ಮಕ್ಕಳಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯಲ್ಲಿ ಯಾರು ಯಾವ ದೇವರಿಗೆ ಧೂಪ ಹಾಕುತ್ತಾರೆ ಅಂತ ಬಂದು ಹೇಳುವುದು, ಸ್ವಂತ ಅಪ್ಪನದ್ದಾದರೂ ಸರಿ, ವಿಗ್ರಹ ಸಿಕ್ಕರೆ ಒಡೆಯುವುದು. ಗವಿಯ ಸುದ್ದಿ ಇಬ್ಬರು ಹುಡುಗರಿಂದ ಬಂತು ಅಂದೆನಲ್ಲ, ಅದರ ಹಿಂದೆ ಹತ್ತು ಹನ್ನೆರಡು ವರ್ಷಗಳ ಈ ಪಾಠ ಇತ್ತು. ಆ ಹುಡುಗರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಸೊತೂತಾದ ದೊರೆ ನಾಚಿ ಕೊಕೊಮ್ ಲಾಂಡಾಗೆ ಒಳ್ಳೆಯ ಪರಿಚಯ. ಹಳೆಯ ಸಂಗತಿಗಳನ್ನೆಲ್ಲ ತಿಳಿದಿದ್ದ ಮನುಷ್ಯ. ಒಂದು ಸಲ ಅವನು ತನ್ನ ಅಜ್ಜನ ಪುಸ್ತಕವನ್ನೇ ತಂದು ಲಾಂಡಾಗೆ ತೋರಿಸಿದ. ಅದರಲ್ಲಿ ಒಂದು ಜಿಂಕೆಯ ಚಿತ್ರ. ಇಂಥ ದೊಡ್ಡ ಜಿಂಕೆಗಳು ಈ ನಾಡಿಗೆ ಬಂದಾಗ ನಮ್ಮ ದೇವರ ಪೂಜೆ ನಿಲ್ಲುತ್ತದೆ ಅಂತ ಅಜ್ಜ ಹೇಳಿದ್ದನಂತೆ. ಸ್ಪೇನಿನವರು ದನಗಳನ್ನು ತಂದರು, ಮಾತು ನಿಜವಾಯಿತು ಅಂತ ಕೊಕೊಮ್ ಹೇಳಿದ. ಮನೆಯ ಪುಸ್ತಕವನ್ನು ಹೊರಗಿನವನ ಮುಂದೆ ಬಿಚ್ಚಿಡುವುದು ಅಂದರೆ ಎಷ್ಟು ನಂಬಿಕೆ ಬೇಕು ಹೇಳಿ. ಯಾರ ಹತ್ತಿರ ಪುಸ್ತಕ ಇದೆ, ಅದು ಹೇಗಿರುತ್ತದೆ ಅನ್ನುವುದು ಲಾಂಡಾಗೆ ಗೊತ್ತಾದದ್ದು ಇಂಥ ನಂಬಿಕೆಯಿಂದಲೇ.

ಗವಿಯಿಂದ ಹಗ್ಗಕ್ಕೆ

ಮೊದಲು ಸುಮಾರು 40 ಜನರನ್ನು ಹಿಡಿದರು. ಕೇಳಿದ ತಕ್ಷಣ ಜನ ಒಪ್ಪಿಕೊಂಡರು. ಹೌದು, ವಿಗ್ರಹ ಇವೆ. ಹೌದು, ಧೂಪ ಹಾಕುತ್ತೇವೆ. ಮಳೆ ಬರಲಿ, ಜೋಳ ಚೆನ್ನಾಗಿ ಆಗಲಿ, ಬೇಟೆಯಲ್ಲಿ ಜಿಂಕೆ ಸಿಗಲಿ ಅಂತ. ಅವರ ದನಿಯಲ್ಲಿ ಕಳ್ಳತನ ಬಯಲಾದ ಹೆದರಿಕೆ ಇದ್ದಂತಿಲ್ಲ. ಭಾನುವಾರ ಇಗರ್ಜಿಗೆ ಹೋಗುವುದು, ಬಿತ್ತನೆಗೆ ಮುಂಚೆ ಗವಿಗೆ ಹೋಗುವುದು, ಎರಡೂ ಅವರ ಬದುಕಿನಲ್ಲಿ ಸೇರಿಹೋಗಿದ್ದವು.

ಪಾದ್ರಿಗಳಿಗೆ ಕಾಲಡಿಯ ನೆಲ ಕುಸಿಯಿತು. ಇಷ್ಟು ವರ್ಷ ಕಲಿಸಿದ್ದು, ನೀರು ಹಾಕಿ ಹೆಸರಿಟ್ಟದ್ದು ಎಲ್ಲ ಏನಾಯಿತು? ಜನ ಹೇಳಿದ್ದು ಸ್ವಲ್ಪ, ಮುಚ್ಚಿಟ್ಟದ್ದು ಜಾಸ್ತಿ ಅಂತ ಅವರಿಗೆ ಅನುಮಾನ. ಮಣಿಕಟ್ಟಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದು ತೂಗುಹಾಕಿದರು. ಇನ್ನೂ ಇದೆ ಹೇಳು ಅಂದರು. ಹೇಳದಿದ್ದರೆ ಕಾಲಿಗೆ ಕಲ್ಲು ಕಟ್ಟಿದರು. ಆಮೇಲೆ ಚಾಟಿ. ಆಮೇಲೆ ಮೈಮೇಲೆ ಕಾಯಿಸಿದ ಮೇಣ. ಆ ಮೇಣ ಅವರೇ ಕಂದಾಯವಾಗಿ ಕೊಡುತ್ತಿದ್ದ ವಸ್ತುಗಳಲ್ಲಿ ಒಂದು.

ಜೂನ್‌ನಲ್ಲಿ ಲಾಂಡಾ ತಾನೇ ಮನೀಗೆ ಬಂದು ವಿಚಾರಣೆ ಕೈಗೆ ತೆಗೆದುಕೊಂಡ. 1561ರಲ್ಲಿ ಅವನು ಫ್ರಾನ್ಸಿಸ್ಕನ್ ಪಂಗಡಕ್ಕೆ ಆ ಪ್ರಾಂತದ ಮುಖ್ಯಸ್ಥನಾಗಿದ್ದ. ಬಿಷಪ್ ಇನ್ನೂ ಬಂದಿರಲಿಲ್ಲ. ಬಿಷಪ್ ಎರಡು ದಿನದ ಹಾದಿಗಿಂತ ದೂರ ಇರುವ ಕಡೆ ಪಾದ್ರಿಗಳೇ ಅವರ ಅಧಿಕಾರ ಚಲಾಯಿಸಬಹುದು ಅಂತ 1522ರಲ್ಲಿ ಪೋಪ್ ಕೊಟ್ಟ ಅಪ್ಪಣೆ ಇತ್ತು, ಅದನ್ನು ಹಿಡಿದು ಲಾಂಡಾ ತಾನೇ ನ್ಯಾಯಾಧೀಶನಾದ. ಸರ್ಕಾರದ ಕಡೆಯಿಂದ ಆಗ ಅಲ್ಲಿನ ಮುಖ್ಯ ಅಧಿಕಾರಿಯಾಗಿದ್ದವನು ದಿಯೇಗೊ ಕಿಹಾದಾ. ಅವನೂ ಬೆಂಬಲ ಕೊಟ್ಟ. ದೂರು ಕೊಡುವವನು, ತನಿಖೆ ಮಾಡುವವನು, ಹೊಡೆಸುವವನು, ತೀರ್ಪು ಹೇಳುವವನು ಎಲ್ಲ ಒಬ್ಬನೇ ಆದ ಮೇಲೆ ಜನ ಯಾರ ಬಳಿ ಹೋಗಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಡೆಯರ ಕಾಟ ತಾಳದೆ ಯಾರ ಬಳಿ ಓಡಿಬರುತ್ತಿದ್ದರೋ ಅವರೇ ಹಗ್ಗ ಹಿಡಿದು ನಿಂತಿದ್ದರು.

ಹಗ್ಗದ ತುದಿಯಲ್ಲಿ ಸತ್ಯ ಹುಟ್ಟುವುದಿಲ್ಲ ಅನ್ನುವುದಕ್ಕೆ ಈ ಪ್ರಕರಣದಲ್ಲೇ ಸಾಕ್ಷಿ ಇದೆ. ಇಷ್ಟು ವಿಗ್ರಹ ಸಾಲದು, ಇನ್ನೂ ತಾ ಅಂದಾಗ ಜನ ಹಾಳುಬಿದ್ದ ಹಳೆಯ ಗುಡಿಗಳಿಗೆ ಹೋಗಿ, ಎಂದೋ ಬಿಟ್ಟುಹೋದ ಒಡೆದ ವಿಗ್ರಹಗಳನ್ನು ಹೆಕ್ಕಿ ತಂದು ‘ಇದು ನನ್ನದು’ ಅಂತ ಒಪ್ಪಿಸಿದರು. ಹೊಡೆತ ನಿಲ್ಲಬೇಕಲ್ಲ, ಅದಕ್ಕೆ. ಸೊತೂತಾ ಕಡೆ ವಿಚಾರಣೆ ಹಬ್ಬಿದಾಗ ಇನ್ನೂ ಭೀಕರ ಹೇಳಿಕೆಗಳು ಬಂದವು: ಇಗರ್ಜಿಯೊಳಗೇ ಮಕ್ಕಳನ್ನು ಬಲಿ ಕೊಟ್ಟೆವು, ಶಿಲುಬೆಗೆ ಕಟ್ಟಿ ಕೊಂದೆವು ಅಂತ. ಇವುಗಳಲ್ಲಿ ಎಷ್ಟು ನಿಜ ಅನ್ನುವುದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಮಾಯಾ ಸಂಪ್ರದಾಯದಲ್ಲಿ ನರಬಲಿ ಇತ್ತು, ಅದನ್ನು ಮುಚ್ಚುವ ಅಗತ್ಯ ಇಲ್ಲ. ಆದರೆ ತೋಳು ಕಿತ್ತುಬರುವ ಹಾಗೆ ತೂಗುತ್ತಿರುವ ಮನುಷ್ಯನ ಬಾಯಿಂದ ಬಂದ ಮಾತಿನ ಮೇಲೆ ಒಂದು ಇಡೀ ಜನಾಂಗದ ಮೇಲೆ ಆರೋಪ ಹೊರಿಸಲು ನಾನು ಒಪ್ಪುವುದಿಲ್ಲ.

ಜುಲೈ 12

1562ರ ಜುಲೈ 12ರಂದು ಮನೀ ಮಠದ ಮುಂದೆ ಜನ ಸೇರಿದರು. ಸೇರಿದರು ಅನ್ನುವುದಕ್ಕಿಂತ ಸೇರಿಸಿದರು ಅನ್ನಬೇಕು. ಕಿಹಾದಾ ಇದ್ದ, ಇತರ ಸ್ಪೇನಿನವರೂ ಇದ್ದರು. ತಪ್ಪಿತಸ್ಥರು ಅಂತ ತೀರ್ಮಾನವಾದವರಿಗೆ ಅವಮಾನದ ಅಂಗಿ ತೊಡಿಸಿದರು, ತಲೆ ಬೋಳಿಸಿದರು, ಚಾಟಿ ಬೀಸಿದರು. ಕೆಲವರಿಗೆ ದಂಡ, ಕೆಲವರಿಗೆ ವರ್ಷಗಟ್ಟಲೆ ಜೀತ. ಇಪ್ಪತ್ತು ವರ್ಷಗಳ ಹಿಂದೆ ಯಾವ ಮನೆತನ ಕೈ ಹಿಡಿದಿತ್ತೋ ಆ ಶಿಯು ಮನೆತನದ ದೊರೆಯೇ ಶಿಕ್ಷೆಯಾದವರಲ್ಲಿ ಒಬ್ಬ. ಸತ್ತವರನ್ನೂ ಬಿಡಲಿಲ್ಲ. ವಿಗ್ರಹ ಪೂಜಿಸಿಯೇ ಸತ್ತರು ಅಂತ ಅನುಮಾನ ಬಂದವರ ಎಲುಬುಗಳನ್ನು ಮಣ್ಣಿಂದ ತೆಗೆದು ಬೆಂಕಿಗೆ ಹಾಕಿದರು.

ಅದೇ ಬೆಂಕಿಗೆ ವಿಗ್ರಹಗಳು. ಅದೇ ಬೆಂಕಿಗೆ ಪುಸ್ತಕಗಳು.

27 ಪುಸ್ತಕ, 5,000 ವಿಗ್ರಹ ಅನ್ನುವ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಲಾಂಡಾ ತನ್ನ ಬರಹದಲ್ಲಿ ಎಷ್ಟು ಅಂತ ಹೇಳಿಲ್ಲ. ಈ ಅಕ್ಷರಗಳಲ್ಲಿ ಬರೆದ ತುಂಬಾ ಪುಸ್ತಕಗಳು ಸಿಕ್ಕವು, ಮೂಢನಂಬಿಕೆ ಮತ್ತು ಸೈತಾನನ ಸುಳ್ಳು ಬಿಟ್ಟು ಬೇರೇನೂ ಅವುಗಳಲ್ಲಿ ಇರಲಿಲ್ಲ, ಎಲ್ಲವನ್ನೂ ಸುಟ್ಟೆವು, ಅದರಿಂದ ಆ ಜನ ಆಶ್ಚರ್ಯವಾಗುವಷ್ಟು ಸಂಕಟಪಟ್ಟರು ಅಂತ ಅವನ ಮಾತಿನ ಸಾರ. ಆಶ್ಚರ್ಯವಾಗುವಷ್ಟು! ಹದಿಮೂರು ವರ್ಷ ಅವರ ನಡುವೆ ಇದ್ದು, ಅವರ ಭಾಷೆ ಮಾತಾಡಿ, ಅವರ ಅಜ್ಜನ ಪುಸ್ತಕ ನೋಡಿದವನಿಗೆ ಅದು ಆಶ್ಚರ್ಯ.

ಆ ಪುಸ್ತಕಗಳು ನೋಡಲು ಹೇಗಿದ್ದವು? ನಮ್ಮ ಹಳೆಯ ಕಡತ ನೋಡಿದವರಿಗೆ ಸುಲಭವಾಗಿ ಗೊತ್ತಾಗುತ್ತದೆ. ಉದ್ದದ ಒಂದೇ ಹಾಳೆ, ಹಿಂದೆ ಮುಂದೆ ಮಡಿಸಿ ಮಡಿಸಿ ಪುಸ್ತಕದ ಆಕಾರಕ್ಕೆ ತಂದದ್ದು. ನಮ್ಮ ಕಡತ ಬಟ್ಟೆಗೆ ಕಪ್ಪು ಬಳಿದದ್ದು, ಅದರ ಮೇಲೆ ಬಳಪದ ಬಿಳಿ ಅಕ್ಷರ. ಅವರದ್ದು ಅತ್ತಿ-ಆಲದ ಜಾತಿಗೆ ಸೇರಿದ ಮರದ ತೊಗಟೆಯನ್ನು ಬಡಿದು ಮಾಡಿದ ಹಾಳೆ, ಮೇಲೆ ತೆಳ್ಳಗೆ ಸುಣ್ಣದ ಲೇಪ, ಆ ಬಿಳುಪಿನ ಮೇಲೆ ಕಪ್ಪು, ಕೆಂಪು ಬಣ್ಣದಲ್ಲಿ ಅಕ್ಷರ ಮತ್ತು ಚಿತ್ರ. ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಒಂದನ್ನು ಪೂರ್ತಿ ಬಿಚ್ಚಿದರೆ ಮೂರೂವರೆ ಮೀಟರ್‌ಗೂ ಜಾಸ್ತಿ ಉದ್ದ, 78 ಪುಟ. ಅದರಲ್ಲಿ ಶುಕ್ರಗ್ರಹ ಯಾವಾಗ ಕಾಣುತ್ತದೆ, ಯಾವಾಗ ಮರೆಯಾಗುತ್ತದೆ ಅನ್ನುವ ಲೆಕ್ಕ ಇದೆ. ಗ್ರಹಣದ ಲೆಕ್ಕ ಇದೆ. ಲಾಂಡಾನೇ ಪಟ್ಟಿ ಮಾಡಿದಂತೆ ಮಾಯಾ ಪುರೋಹಿತರು ಕಲಿಸುತ್ತಿದ್ದದ್ದು ವರ್ಷ ತಿಂಗಳು ದಿನಗಳ ಗಣಿತ, ಹಬ್ಬಗಳು, ಕಾಯಿಲೆಗೆ ಮದ್ದು, ಹಳೆಯ ಕಾಲದ ಕಥೆ, ಓದುವುದು ಬರೆಯುವುದು. ಕೆಲವು ಪುರೋಹಿತರು ಸತ್ತಾಗ ಪುಸ್ತಕವನ್ನೂ ಜೊತೆಯಲ್ಲೇ ಹೂಳುತ್ತಿದ್ದರಂತೆ. ಅಂದರೆ ಊರಿನ ಪಂಚಾಂಗ, ವೈದ್ಯ, ವಂಶಾವಳಿ ಎಲ್ಲ ಒಂದೇ ಕಟ್ಟಿನಲ್ಲಿ. ಯಾವತ್ತು ಬಿತ್ತಬೇಕು, ಯಾವತ್ತು ಹಬ್ಬ ಅಂತ ನೋಡಿ ಹೇಳುವ ಹಿರಿಯನ ಕೈಯಿಂದ ಅದನ್ನು ಕಿತ್ತು ಅವನ ಕಣ್ಣೆದುರೇ ಸುಟ್ಟರೆ ಅವನು ಹೇಗೆ ಅತ್ತಿರಬಹುದು.

ಎಲ್ಲ ಸೇರಿ ಇವತ್ತು ಪ್ರಪಂಚದಲ್ಲಿ ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕು. ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್‌ನಲ್ಲಿ ಒಂದೊಂದು, ನಾಲ್ಕನೆಯದು ಮೆಕ್ಸಿಕೊದಲ್ಲಿ. ಅದು ಅಸಲಿಯೇ ಅಂತ ಮೆಕ್ಸಿಕೊ ಸರ್ಕಾರದ ಸಂಸ್ಥೆ ಖಚಿತಪಡಿಸಿದ್ದು 2018ರಲ್ಲಿ. ಉಳಿದವೆಲ್ಲ ಮನೀಯಲ್ಲೇ ಸುಟ್ಟವು ಅಂತಲ್ಲ. ಬೇರೆ ಕಡೆಗಳಲ್ಲೂ ಸುಟ್ಟರು, ಎಷ್ಟೋ ತೇವಕ್ಕೆ, ಗೆದ್ದಲಿಗೆ ಹೋದವು. ಆದರೆ ಮನೀ ಬೆಂಕಿಯ ನಂತರ ಪುಸ್ತಕ ಇಟ್ಟುಕೊಂಡವರೆಲ್ಲ ಬಚ್ಚಿಡುವವರಾದರು.

ಬಿಷಪ್ ಬಂದ ಮೇಲೆ

ಆಗಸ್ಟ್‌ನಲ್ಲಿ ಬಿಷಪ್ ಫ್ರಾನ್ಸಿಸ್ಕೊ ದ ತೊರಾಲ್ ಬಂದ. ಅವನೂ ಫ್ರಾನ್ಸಿಸ್ಕನ್ನೇ. ಬಂದು ನೋಡಿದರೆ ಸೆರೆಯಲ್ಲಿ ತುಂಬಿದ ಜನ, ಜೋತುಬಿದ್ದ ತೋಳುಗಳು, ಕೊಕ್ಕೆಯ ಹಾಗೆ ಮುದುಡಿ ಅಲ್ಲಾಡದ ಬೆರಳುಗಳು. ತೊರಾಲ್ ಹಿಂಸೆ ನಿಲ್ಲಿಸಿದ, ಹೊಸದಾಗಿ ವಿಚಾರಿಸಿದ, ಬಲವಂತದ ಹೇಳಿಕೆಗಳಲ್ಲಿ ಹುರುಳಿಲ್ಲ ಅಂದ, ಜನರನ್ನು ಬಿಟ್ಟುಕಳಿಸಿದ. ಒಂದೇ ಪಂಗಡದ, ಒಂದೇ ನಂಬಿಕೆಯ ಇನ್ನೊಬ್ಬ ಮನುಷ್ಯ ಅದೇ ವರ್ಷ, ಅದೇ ಊರುಗಳಲ್ಲಿ ನಿಂತು ಇದು ತಪ್ಪು ಅಂದ ಅನ್ನುವುದು ನನಗೆ ತುಂಬಾ ಮುಖ್ಯ. ‘ಆ ಕಾಲವೇ ಹಾಗಿತ್ತು, ಇವತ್ತಿನ ಕಣ್ಣಿಂದ ನೋಡಬಾರದು’ ಅಂತ ಹೇಳುವವರು ತೊರಾಲ್‌ನನ್ನು ಮರೆಯುತ್ತಾರೆ. ಅವನೂ ಆ ಕಾಲದವನೇ ಅಲ್ವಾ?

1563ರಲ್ಲಿ ಲಾಂಡಾ ಹುದ್ದೆ ಬಿಟ್ಟು ತನ್ನ ಪರ ವಾದ ಮಾಡಲು ಸ್ಪೇನಿಗೆ ಹೋದ. 1565ರಲ್ಲಿ ಇತ್ತ ತನಿಖೆ ನಡೆಯಿತು, ಕಿಹಾದಾನ ಮೇಲೂ ವಿಚಾರಣೆ ಆಯಿತು. ಅತ್ತ ಸ್ಪೇನಿನಲ್ಲಿ ಪ್ರಕರಣ ಕೊನೆಗೆ ಲಾಂಡಾನ ಪಂಗಡದವರ ಕೈಗೇ ಹೋಯಿತು, 1569ರಲ್ಲಿ ಅವನು ತಪ್ಪಿಲ್ಲದವನು ಅಂತ ತೀರ್ಮಾನವಾಯಿತು. 1571ರಲ್ಲಿ ತೊರಾಲ್ ತೀರಿಕೊಂಡ. ಖಾಲಿಯಾದ ಆ ಜಾಗಕ್ಕೆ ಬಿಷಪ್ ಆಗಿ ಬಂದದ್ದು ಯಾರು? ಲಾಂಡಾ. 1573ರಲ್ಲಿ ಬಂದವನು 1579ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ತೋಳು ಬಿದ್ದುಹೋಗಿದ್ದ ಜನ ಹಬ್ಬದ ದಿನ ಇಗರ್ಜಿಯಲ್ಲಿ ಅವನ ಮುಂದೆಯೇ ಮಂಡಿಯೂರಬೇಕಾಗಿತ್ತು. ಸ್ಥಳೀಯ ಜನರನ್ನು ಇಂಥ ಧರ್ಮವಿಚಾರಣೆಯ ವ್ಯಾಪ್ತಿಯಿಂದ ಹೊರಗಿಟ್ಟು ಸ್ಪೇನ್ 1571ರಲ್ಲಿ ಅಪ್ಪಣೆ ಹೊರಡಿಸಿತು. ಮನೀಯವರಿಗೆ ಅದು ಒಂಬತ್ತು ವರ್ಷ ತಡ.

ಈ ಮಧ್ಯೆ ಜನ ಸುಮ್ನೆ ಕೂತಿರಲಿಲ್ಲ. 1567ರ ಫೆಬ್ರವರಿಯಲ್ಲಿ ಸ್ಪೇನ್ ದೊರೆಗೆ ಮಾಯಾ ನಾಯಕರ ಹೆಸರಿನಲ್ಲಿ ಪತ್ರಗಳು ಹೋದವು. ಪಾದ್ರಿಗಳು ಬಹಳ ಒಳ್ಳೆಯವರು, ಲಾಂಡಾನನ್ನು ಮರಳಿ ಕಳಿಸಿ ಅಂತ. ಬೇರೆ ಬೇರೆ ನಾಯಕರ ಸಹಿ, ಆದರೆ ಒಳಗಿನ ಮಾತು ಅಕ್ಷರ ಅಕ್ಷರ ಒಂದೇ! ಎರಡು ತಿಂಗಳಾದ ಮೇಲೆ, ಏಪ್ರಿಲ್ 12ರಂದು, ಇನ್ನೊಂದು ಪತ್ರ ಹೋಯಿತು. ಬರೆದವರಲ್ಲಿ ಮೊದಲಿಗ ಮನೀಯ ಫ್ರಾನ್ಸಿಸ್ಕೊ ದ ಮೊಂತೆಹೊ ಶಿಯು. ಆ ಹೊಗಳಿಕೆಯ ಪತ್ರಗಳು ಪಾದ್ರಿಗಳು ಬರೆಸಿದ್ದು, ನಮ್ಮ ಮಾತಲ್ಲ ಅಂತ ಅದರಲ್ಲಿ ನೇರವಾಗಿ ಇತ್ತು. ನಮ್ಮನ್ನು ಹೇಗೆ ತೂಗುಹಾಕಿದರು, ಹೇಗೆ ಹೊಡೆದರು, ಎಷ್ಟು ಜನ ಸತ್ತರು ಅನ್ನುವುದೂ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ತಲೆ ಬೋಳಿಸಿಕೊಂಡು, ಪುಸ್ತಕ ಸುಟ್ಟದ್ದನ್ನು ನೋಡಿ, ಐದೇ ವರ್ಷದಲ್ಲಿ ಆ ಮನುಷ್ಯ ಲೇಖನಿ ಎತ್ತಿಕೊಂಡಿದ್ದಾನೆ. ಸಮುದ್ರದ ಆಚೆ ಇರುವ, ಎಂದೂ ನೋಡದ ದೊರೆಗೆ ‘ನಮ್ಮ ಹೆಸರಿನಲ್ಲಿ ಬಂದ ಮಾತು ಸುಳ್ಳು’ ಅಂತ ಬರೆದಿದ್ದಾನೆ. ಈ ಇಡೀ ಪ್ರಕರಣದಲ್ಲಿ ನನಗೆ ಎದೆ ತುಂಬಿ ಬರುವುದು ಇದೇ ಪತ್ರದ ಹತ್ತಿರ.

ಅಕ್ಷರಮಾಲೆಯ ವಿಷಯ

ಸ್ಪೇನಿನಲ್ಲಿದ್ದಾಗ, 1566ರ ಸುಮಾರಿಗೆ, ಲಾಂಡಾ ಯುಕಟಾನ್ ಬಗ್ಗೆ ಒಂದು ದೊಡ್ಡ ಬರಹ ಬರೆದ. ಮೂಲ ಕಳೆದುಹೋಯಿತು. ಅದರ ಒಂದು ಸಂಕ್ಷಿಪ್ತ ಪ್ರತಿ ಮ್ಯಾಡ್ರಿಡ್‌ನ ಗ್ರಂಥಭಂಡಾರದಲ್ಲಿ 1862ರಲ್ಲಿ ಸಿಕ್ಕಿತು, ಮನೀ ಬೆಂಕಿಗೆ ಸರಿಯಾಗಿ 300 ವರ್ಷ ಆದಾಗ. ಅದರೊಳಗೆ ಒಂದು ಪುಟದಲ್ಲಿ ಮಾಯಾ ಅಕ್ಷರಮಾಲೆ ಇದೆ. ಎ, ಬಿ, ಸಿ ಅಂತ ಸ್ಪೇನಿನ ಅಕ್ಷರಗಳು, ಒಂದೊಂದರ ಪಕ್ಕ ಮಾಯಾ ಚಿಹ್ನೆ.

ವಿದ್ವಾಂಸರು ಇದನ್ನು ಹಿಡಿದು ಓದಲು ಹೋಗಿ ಸೋತರು. ಇದು ಕೆಲಸಕ್ಕೆ ಬಾರದ್ದು ಅಂತ ಬದಿಗಿಟ್ಟವರೂ ಇದ್ದರು. ಯಾಕೆ ಸೋತರು ಅನ್ನುವುದು ಕನ್ನಡದವರಿಗೆ ತಟ್ಟನೆ ಹೊಳೆಯುತ್ತದೆ. ಲಾಂಡಾ ಅಂದುಕೊಂಡದ್ದು ಎಲ್ಲ ಬರಹವೂ ತನ್ನದರಂತೆಯೇ, ವ್ಯಂಜನ ಬೇರೆ ಸ್ವರ ಬೇರೆ ಅಂತ. ಅವನು ಮಾಯಾ ಬರಹಗಾರನ ಮುಂದೆ ಕೂತು ತನ್ನ ಅಕ್ಷರದ ಹೆಸರು ಹೇಳುತ್ತಿದ್ದ. ಬಿ ಅಕ್ಷರಕ್ಕೆ ಸ್ಪೇನಿನ ಭಾಷೆಯಲ್ಲಿ ‘ಬೆ’ ಅನ್ನುತ್ತಾರೆ. ಬರಹಗಾರ ‘ಬೆ’ ಅಂತ ಕೇಳಿದ, ‘ಬೆ’ ಅಂತಲೇ ಬರೆದ. ಮಾಯಾದಲ್ಲಿ ‘ಬೆ’ ಅಂದರೆ ದಾರಿ, ಅದಕ್ಕೆ ಹೆಜ್ಜೆಗುರುತಿನ ಚಿಹ್ನೆ. ನಮಗೆ ಯಾರಾದರೂ ‘ಬೆ’ ಅಂದರೆ ನಾವೂ ಬೆ ಅಂತಲೇ ಬರೆಯುತ್ತೇವೆ, ಬ್ ಅಂತ ಬರೆಯುವುದಿಲ್ಲ. ಮಾಯಾ ಬರಹದಲ್ಲಿ ಪೂರ್ತಿ ಪದವನ್ನೇ ಸೂಚಿಸುವ ಚಿಹ್ನೆಗಳೂ ಇವೆ, ಜೊತೆಗೆ ಕು, ತ್ಸು, ಲು, ಮ, ತಿ ಅನ್ನುವ ಹಾಗೆ ಗುಣಿತಾಕ್ಷರದಂಥವೂ ಇವೆ.

ಇದನ್ನು ಹಿಡಿದವನು ಲೆನಿನ್‌ಗ್ರಾಡ್‌ನ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್, 1952ರಲ್ಲಿ. ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆ. ಮೊದಲನೆಯದು ಲಾಂಡಾ ಪಟ್ಟಿಯ ‘ಕು’. ಮಾಯಾದಲ್ಲಿ ಆ ಕೋಳಿ ಕುತ್ಸ್. ಹಾಗಾದರೆ ಎರಡನೆಯದು ‘ತ್ಸು’ ಇರಬೇಕು. ಅದೇ ಚಿಹ್ನೆ ನಾಯಿಯ ಚಿತ್ರದ ಮೇಲೆ ಮೊದಲಿಗೆ ಬಂತು, ನಾಯಿಗೆ ತ್ಸುಲ್. ಕೊನೆಯ ಉಕಾರ ಬರೆಯುತ್ತಾರೆ, ಓದುವಾಗ ಬಿಡುತ್ತಾರೆ. ನಾವು ಬಸ್ ಅನ್ನುವುದಕ್ಕೆ ಉಕಾರ ಹಚ್ಚಿ ಬಸ್ಸು ಅಂತ ಉಚ್ಚರಿಸಿಯೂ ಬಿಡುತ್ತೇವೆ, ಅವರು ಬರಹಕ್ಕಷ್ಟೇ ಹಚ್ಚುತ್ತಿದ್ದರು. ಅಲ್ಲಿಂದ ಬೀಗ ಒಂದೊಂದಾಗಿ ತೆರೆಯುತ್ತಾ ಹೋಯಿತು. ಕಲ್ಲಿನ ಮೇಲೆ ಕೆತ್ತಿದ್ದ ದೊರೆಗಳ ಹೆಸರು, ಯುದ್ಧ, ಮದುವೆ ಎಲ್ಲ ಈಗ ಓದಲು ಸಿಗುತ್ತವೆ.

ಇದನ್ನೇ ಮುಂದಿಟ್ಟು ‘ಸುಟ್ಟವನೂ ಲಾಂಡಾ, ಉಳಿಸಿದವನೂ ಲಾಂಡಾ’ ಅನ್ನುವ ಮಾತು ಚಾಲ್ತಿಯಲ್ಲಿದೆ. ಇಸಮಾಲ್‌ನಲ್ಲಿ ಅವನ ಪ್ರತಿಮೆಯೂ ಇದೆ. ನನಗೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಆ ಪುಟದಲ್ಲಿರುವ ತಿಳಿವಳಿಕೆ ಮಾಯಾ ಬರಹಗಾರನದ್ದು. ಲಾಂಡಾಗೆ ಮಾಹಿತಿ ಕೊಟ್ಟವರಲ್ಲಿ ನಾಚಿ ಕೊಕೊಮ್ ಇದ್ದ, ಶಿಯು ಮನೆತನಕ್ಕೆ ತಾಯಿಯ ಕಡೆಯಿಂದ ಸೇರಿದ ಗಾಸ್ಪರ್ ಆಂತೋನಿಯೊ ಚಿ ಇದ್ದ. ಅವರಿಲ್ಲದೆ ಆ ಪುಟವೇ ಇಲ್ಲ. ಲಾಂಡಾ ಅದನ್ನು ತಪ್ಪು ತಿಳಿದು ಇಟ್ಟುಕೊಂಡ, ಅಷ್ಟೇ.

ಆ ಪುಟದಲ್ಲೇ ಒಂದು ಪುಟ್ಟ ಸಾಲೂ ಇದೆ. ಪದಗಳಾದವು, ಈಗ ಒಂದು ವಾಕ್ಯ ಬರೆಯುವುದನ್ನು ತೋರಿಸಬೇಕು. ಮಾಯಾ ಬರಹಗಾರ ಐದು ಚಿಹ್ನೆ ಬರೆದ. ಲಾಂಡಾ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಪಕ್ಕದಲ್ಲೇ ಬರೆದುಕೊಂಡ: ಮಾ ಇನ್ ಕಾತಿ. ನನಗೆ ಬೇಡ. ನಮ್ಮ ಕನ್ನಡದಲ್ಲಿ ಒಂದೇ ಪದ ಸಾಕು: ಒಲ್ಲೆ.

ಬರೆದವನು ಬೇಕೆಂದೇ ಬರೆದನೋ, ಬಾಯಿಗೆ ಬಂದ ಮಾತನ್ನೇ ಇಳಿಸಿದನೋ. ನಾನಂತೂ ಆ ಐದು ಚಿಹ್ನೆಗಳ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದನ್ನೇ ಬೆರಳಿಟ್ಟು ಓದಿದ್ದೇನೆ, ಮ, ಇ, ನ, ಕ, ತಿ ಅಂತ, ಒಂದನೇ ಕ್ಲಾಸಿನ ಮಗು ಓದುವ ಹಾಗೆ.

ಮನೀಯ ಜನ ಬರೆಯುವುದನ್ನೂ ಬಿಡಲಿಲ್ಲ. ಹಳೆಯ ಅಕ್ಷರ ಕೈತಪ್ಪಿದರೂ ಪಾದ್ರಿಗಳು ಕಲಿಸಿದ ಲ್ಯಾಟಿನ್ ಅಕ್ಷರದಲ್ಲೇ ತಮ್ಮ ಭಾಷೆಯಲ್ಲಿ ಕಾಲಗಣನೆ, ಮದ್ದು, ಹಳೆಯ ಕಥೆ ಬರೆದು ಊರೂರಲ್ಲಿ ಗುಟ್ಟಾಗಿ ಇಟ್ಟುಕೊಂಡರು, ಹಳೆಯದಾದರೆ ಪ್ರತಿ ಮಾಡಿಕೊಂಡರು. ಚಿಲಾಮ್ ಬಾಲಾಮ್ ಅಂತ ಕರೆಯುವ ಆ ಪುಸ್ತಕಗಳಲ್ಲಿ ಒಂದು ಮನೀಯ ಹೆಸರಿನದ್ದೇ. ಜುಲೈ 12ರ ಬೆಂಕಿ ಹೊತ್ತಿದ್ದ ಮಠ ಇವತ್ತಿಗೂ ನಿಂತಿದೆ. ಮೆಕ್ಸಿಕೊದ 2020ರ ಜನಗಣತಿಯ ಪ್ರಕಾರ ಯುಕಟಾನ್ ಮಾಯಾ ಮಾತಾಡುವವರು ಏಳು ಲಕ್ಷಕ್ಕೂ ಜಾಸ್ತಿ. ಬೇಡ ಅನ್ನುವುದಕ್ಕೆ ಅವರು ಇವತ್ತೂ ಹೇಳುವುದು ಹೆಚ್ಚು ಕಡಿಮೆ ಅದೇ ಮಾತು: ಮಾ ಇನ್ ಕಾತಿ.